ಕಿಟಕಿಗೆ ಕಟ್ಟಿದ ಕೆಂಪು

ಬಕೆಟ್ಟಿನಲ್ಲಿ ನೆನೆಸಿದ್ದ ಬೆಡ್‌ಶೀಟನ್ನು ಹಿಂಡುತ್ತಿದ್ದಾಗ ಫೋನು ಬಡಿದುಕೊಂಡಿತು. ಸೋಪಿನ ಕೈಯಲ್ಲೇ ಎತ್ತಿ, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಹಲೋ... ಯಾರು ಮಾತಾಡೋದು?... ಓ, ನೀವಾ! ಕನ್ನಡಕ ಹಾಕಿಲ್ಲ ರೀ, ಹೆಸರು ಕಾಣ್ಲಿಲ್ಲ."

...

"ದಾರಿ ತಪ್ಪಿತಾ? ಬ್ರೆಡ್ಡು ತರೋಕೆ ತಾನೇ ಹೋಗಿದ್ದು?... ಗಾಬರಿ ಆಗ್ಬೇಡಿ, ನಿಂತಲ್ಲೇ ನಿಲ್ಲಿ. ಕೆಂಪು ಕಾಣ್ತಿಲ್ವಾ? ಎಲ್ಲೂ ಇಲ್ವಾ?"

ಅವಳ ಕೈ ಬಕೆಟ್ಟಿನಲ್ಲೇ ನಿಂತಿತು. ಪಾರ್ಶ್ವವಾಯು ಬಡಿದ ಮೇಲೂ ಗಂಡನ ಕಣ್ಣು ನೆಟ್ಟಗಿತ್ತು. ಕಂಡದ್ದನ್ನೆಲ್ಲ ಕೂಡಿಸಿ 'ಇದು ನಮ್ಮ ಬೀದಿ, ಇದು ನಮ್ಮ ಮನೆ' ಎಂದು ಹೇಳುವ ಮೆದುಳಿನ ಜಾಗ ಮಾತ್ರ ಏಟು ತಿಂದಿದೆ ಎಂದಿದ್ದರು ಡಾಕ್ಟರು. ಅದಕ್ಕೇ ಮಹಡಿಯ ಕಿಟಕಿಗೆ ಗುರುತಾಗಿ ಈ ಕೆಂಪು ಬೆಡ್‌ಶೀಟು ಕಟ್ಟಿದ್ದು. ಕೊಳೆಯಾಗಿದೆಯೆಂದು ಬೆಳಿಗ್ಗೆ ಅವಳೇ ಬಿಚ್ಚಿದ್ದಳು.

ನೀರು ಸೋರುವ ಬಟ್ಟೆ ಹಿಡಿದು ಮಹಡಿಗೆ ಓಡಿದಳು. ಅವರು ಕೆಳಗೆ ಬೀದಿಯಲ್ಲಿ, ಮನೆಯೆದುರಿಗೇ ನಿಂತಿದ್ದರು, ಬ್ರೆಡ್ಡಿನ ಚೀಲ ಹಿಡಿದು, ತಮ್ಮ ಕೈಯಿಂದಲೇ ಕಟ್ಟಿದ ಮನೆಯನ್ನು ನೋಡುತ್ತ. ಕಟ್ಟಬೇಕೆಂದು ಎತ್ತಿದ ಬಟ್ಟೆಯನ್ನು ಅವಳು ಎದೆಗವಚಿಕೊಂಡಳು. ಒಂದೇ ಒಂದು ಸಲ, ಇದಿಲ್ಲದೆ ಅವರಿಗೆ ಮನೆ ತಿಳಿದುಬಿಡಲಿ. ಗೋಡೆಯ ಮರೆಗೆ ಸರಿದಳು.

"ಮೆಟ್ಟಿಲು ಹತ್ತಿದೆ, ಅದಕ್ಕೇ ಏದುಸಿರು. ಎದುರಿಗೆ ಏನು ಕಾಣುತ್ತೆ?"

...

"ಹಾಂ... ಹಳದಿ ಗೋಡೆ. ಆರು ಮೆಟ್ಟಿಲು. ಬಾಗಿಲ ಮೇಲೆ ಕಮಾನು... ಎಲ್ಲ ಸರಿಯಾಗಿ ಹೇಳ್ತಿದೀರಿ ಅಲ್ವಾ. ಯಾರ ಮನೆ ಅದು?... ಗೊತ್ತಾಗ್ತಿಲ್ವಾ?"

...

"ಏನಂದ್ರಿ?... ಕಮಾನು ಕಟ್ಟಿದವನು ಒಳ್ಳೇ ಮೇಸ್ತ್ರಿನಾ?... ಹೌದು ರೀ. ಮೂವತ್ತು ವರ್ಷ ಆಯ್ತು, ಒಂದು ಬಿರುಕಿಲ್ಲ."

...

"ನನಗೆ ಹೇಗೆ ಗೊತ್ತು ಅಂದ್ರೆ... ಆ ಮೇಸ್ತ್ರಿ ನನಗೆ ಪರಿಚಯ. ಜಂಬದ ಮನುಷ್ಯ, ಇನ್ನೊಬ್ಬರ ಕೆಲಸ ಹೊಗಳಿದ್ದೇ ಇಲ್ಲ. ಇವತ್ತೇ ಮೊದಲು... ಇಲ್ಲ, ಅಳ್ತಿಲ್ಲ. ಮೂಗು ಕಟ್ಟಿದೆ."

...

"ಮಗಳಿಗೆ ಫೋನ್ ಮಾಡಿದ್ರಾ?... ಇಲ್ವಾ? ಸದ್ಯ! ಇನ್ನೊಂದು ಸಲ ಅಪ್ಪ ದಾರಿ ತಪ್ಪಿದ್ರೆ ಗೇಟಿಗೆ ಬೀಗ ಅಂದಿದಾಳೆ. ನಿಮ್ಮ ಮಗಳೇ ಅಲ್ವಾ, ಅಂದದ್ದು ಮಾಡೋಳೇ."

ಕಿಟಕಿಯ ಸರಳಿಗೆ ಬೆಡ್‌ಶೀಟನ್ನು ಬಿಗಿದಳು.

"ಈಗ ತಲೆ ಎತ್ತಿ... ಇನ್ನೂ ಮೇಲೆ. ಕಾಣ್ತಾ?... ಹಾಂ, ಅದೇ! ಬನ್ನಿ, ಬಾಗಿಲು ತೆಗೆದೇ ಇದೆ."

...

"ಇಷ್ಟು ಹೊತ್ತು ಎಲ್ಲಿ ಹೋಗಿತ್ತು ಅಂತೀರಾ ಈ ಮನೆ?... ಇಲ್ಲೇ ಇತ್ತು ರೀ. ಇಲ್ಲೇ... ಹಲೋ? ಹಲೋ?"

ಲೈನು ಕಟ್ಟಾಗಿತ್ತು. ಕೆಳಗೆ ಒಂದೊಂದೇ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಅವಳು ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದಿಟ್ಟುಕೊಂಡಳು. ಒಣಗಿದ ಮೇಲೆ ಬೆಡ್‌ಶೀಟನ್ನು ಎರಡು ಮಾಡಬೇಕು. ಒಂದು ಒಗೆಯಲು ಇಳಿದರೆ ಇನ್ನೊಂದು ಕಿಟಕಿಯಲ್ಲಿರಬೇಕು. ಇವತ್ತು ನಡೆದದ್ದನ್ನು ಮಗಳಿಗೆ ಹೇಳುವುದಿಲ್ಲ. ತಾನು ಮರೆಯಲ್ಲಿ ನಿಂತಿದ್ದನ್ನು ಅವರಿಗೂ.