ಕೂತು ನೋಡಬೇಕಾಗಿದ್ದವರು

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ಸನ್ಮಾನಗೊಳ್ಳುತ್ತಿರುವ ನನ್ನ ಅತ್ತಿಗೆಯವರೇ, ತೋಟದ ಕೆಲಸ ಬಿಟ್ಟು ಬಂದಿರುವ ಸಭಿಕರೇ,

ಮೊದಲು ಈ ಮೈಕನ್ನು ಒಂದಿಷ್ಟು ಇಳಿಸಿಕೊಳ್ಳುತ್ತೇನೆ. ನಮ್ಮ ದ್ರಾಕ್ಷಿ ಬೆಳೆಗಾರರ ಸಂಘದಲ್ಲಿ ನನ್ನ ಅಡ್ಡಹೆಸರು ಕುಳ್ಳಪ್ಪ. ನಗಿ, ಪರವಾಗಿಲ್ಲ. ಇವತ್ತು ನೀವು ನಕ್ಕರೂ ಬೈದರೂ ನನಗೆ ಸಲ್ಲುತ್ತದೆ.

‘ಕೆಲಸಕ್ಕೆ ಹೊಂದುವ ಸಣ್ಣ ಟ್ರಾಕ್ಟರನ್ನು ಆರಿಸುವುದು ಹೇಗೆ’ ಎಂಬ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ಸಂಘ ಹೇಳಿದೆ. ಉತ್ತಮ ಬೆಳೆಗಾರ್ತಿಯಾದ ಅತ್ತಿಗೆಗೆ ಬಹುಮಾನವಾಗಿ ಕೊಡಲು, ಹೊರಗೆ ರಿಬ್ಬನ್ ಕಟ್ಟಿಸಿಕೊಂಡು ನಿಂತಿದೆಯಲ್ಲ, ಆ ಟ್ರಾಕ್ಟರನ್ನು ಆರಿಸಿದ ಸಮಿತಿಗೆ ನಾನೇ ಮುಖ್ಯಸ್ಥ.

ಏನೇನು ನೋಡಬೇಕು? ಎಂಜಿನ್ನಿನ ಬಲ ನೋಡಬೇಕೇ? ನೋಡಿದೆವು. ಔಷಧಿ ಹೊಡೆಯುವ ಪಂಪನ್ನೂ ಕಳೆ ತೆಗೆಯುವ ರೋಟವೇಟರನ್ನೂ ನಡೆಸುತ್ತದೆಯೇ? ನೋಡಿದೆವು. ಸಾಲಿನ ಅಗಲಕ್ಕೆ ಹಿಡಿಸುತ್ತದೆಯೇ, ಸಾಲಿನ ಕೊನೆಯಲ್ಲಿ ಬಳ್ಳಿಗೆ ತಾಕದೆ ತಿರುಗುತ್ತದೆಯೇ, ಒದ್ದೆ ಮಣ್ಣಿನಲ್ಲಿ ಹೂತುಕೊಳ್ಳುವಷ್ಟು ಭಾರವೇ? ಎಲ್ಲವನ್ನೂ ನೋಡಿದೆವು. ಚಪ್ಪರದ ಎತ್ತರವನ್ನೂ ಬಿಡಲಿಲ್ಲ ಸ್ವಾಮೀ. ನಾನೇ ಸೀಟಿನ ಮೇಲೆ ಕೂತು ಅತ್ತಿಗೆಯ ದ್ರಾಕ್ಷಿ ಚಪ್ಪರದಡಿ ಈ ತುದಿಯಿಂದ ಆ ತುದಿಗೆ ಓಡಿಸಿದೆ. ನೆತ್ತಿಗೆ ಒಂದು ಎಲೆಯೂ ತಾಕಲಿಲ್ಲ. ಸಮಿತಿಯವರು ಚಪ್ಪಾಳೆ ಹೊಡೆದರು, ನಾನು ಎದೆಯುಬ್ಬಿಸಿಕೊಂಡು ಇಳಿದೆ.

ಈಗ ಅತ್ತಿಗೆಯ ಕಡೆ ಒಮ್ಮೆ ನೋಡಿ. ಕೂತಿದ್ದರೂ ಪಕ್ಕದ ಅಧ್ಯಕ್ಷರಿಗಿಂತ ಒಂದು ತಲೆ ಎತ್ತರ.

ಸೀಟು ತಗ್ಗಿರುವ ಇನ್ನೊಂದು ಮಾದರಿಯೂ ಅಂಗಡಿಯಲ್ಲಿತ್ತು. “ಓಡಿಸೋರು ಯಾರೋ ಅವರನ್ನೇ ಒಂದ್ಸಲ ಕರ್ಕೊಂಡು ಬನ್ನಿ” ಎಂದು ಅಂಗಡಿಯವರು ಹೇಳಿಯೂ ಇದ್ದರು. “ಹೆಂಗಸರಿಗೆ ಇದೆಲ್ಲ ಏನ್ ಗೊತ್ತಾಗುತ್ತೆ, ನಾವಿದೀವಲ್ಲ” ಎಂದವನು ನಾನು. “ಇದೇನ್ರೀ, ಮಕ್ಕಳ ಆಟಿಕೆ ಇದ್ದಂಗಿದೆ, ಫೋಟೋದಲ್ಲಿ ಕಾಣೋದೇ ಇಲ್ಲ” ಎಂದು ಮೂಗು ಮುರಿದವನೂ ನಾನೇ. ಇದನ್ನೆಲ್ಲ ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ಇವತ್ತು ಬೆಳಿಗ್ಗೆ, ಇಲ್ಲಿಗೆ ತರುವ ಮೊದಲು, ಅತ್ತಿಗೆ ಆಸೆಯಿಂದ ನಾವು ಆರಿಸಿದ ಟ್ರಾಕ್ಟರನ್ನು ಹತ್ತಿ ಚಪ್ಪರದಡಿಗೆ ಹೊರಟರು. ಮೊದಲ ಸಾಲಿನಲ್ಲೇ ಹಣೆ ತಂತಿಗೆ ಬಡಿಯಿತು. ನಾನು ಓಡಿಹೋದೆ. ಅವರು ಹಣೆ ಉಜ್ಜಿಕೊಳ್ಳುತ್ತಾ ನಕ್ಕರು. “ಇರ್ಲಿ ಬಿಡೋ, ಬಗ್ಗಿ ಓಡಿಸ್ತೀನಿ. ನಂಗೇನು ಹೊಸದಾ?”

ಹೊಸದಲ್ಲ, ಸಭಿಕರೇ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಅಡುಗೆಮನೆಯ ಬಾಗಿಲಿಗೆ ಅವರ ಹಣೆ ಹೀಗೇ ಬಡಿದಿತ್ತು. ನಾವೆಲ್ಲ ನಕ್ಕಿದ್ದೆವು. “ಅತ್ತಿಗೇ, ಬಗ್ಗಿ ಬನ್ನಿ” ಎನ್ನುವುದು ಮನೆಯವರಿಗೆಲ್ಲ ತಮಾಷೆಯಾಯಿತು. ಆಮೇಲೆ ಆ ಮನೆಗೆ ಬಣ್ಣ ಹೊಡೆಸಿದೆವು, ನೆಲಕ್ಕೆ ಟೈಲ್ಸ್ ಹಾಕಿಸಿದೆವು, ಕಿಟಕಿ ಬದಲಿಸಿದೆವು. ಆ ಬಾಗಿಲನ್ನು ಎತ್ತರಿಸೋಣ ಎಂದು ಅಣ್ಣನಿಗೆ ಹೊಳೆಯಿತೇ? ನನಗೆ ಹೊಳೆಯಿತೇ? ಇವತ್ತಿಗೂ ಅವರು ಬಗ್ಗಿಯೇ ಹೊರಗೆ ಬಂದು ನನಗೆ ಊಟ ಬಡಿಸುತ್ತಾರೆ. ಬೆಳಿಗ್ಗೆ ಅವರು ನಕ್ಕಾಗ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಈಗಲೂ ಆ ಕಡೆ ತಿರುಗಿ ಮಾತಾಡಲು ನನಗೆ ಮುಖವಿಲ್ಲ.

ಹಾಗಾದರೆ ಬೆಳಿಗ್ಗೆಯೇ ಏಕೆ ಹೇಳಲಿಲ್ಲ? ರಿಬ್ಬನ್ ಕಟ್ಟಿಯಾಗಿತ್ತು. ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಇಳಿದುಹೋಗೋಣ ಎಂದೇ ಇಲ್ಲಿ ಹತ್ತಿದೆ. ನನ್ನ ಮಾತು ಮುಗಿದ ಮೇಲೆ ಕೀಲಿಕೈ ಕೊಡುವ ಕಾರ್ಯಕ್ರಮ. ಒಮ್ಮೆ ಅದನ್ನು ಅತ್ತಿಗೆಯ ಕೈಗೆ ಕೊಟ್ಟರೆ ಅಂಗಡಿಯವರು ಆ ಗಾಡಿಯನ್ನು ಬದಲಿಸಿ ಕೊಡುವುದಿಲ್ಲ. ಅತ್ತಿಗೆಯಂತೂ ಬೇಡ ಎನ್ನುವವರಲ್ಲ, ನಗುತ್ತಲೇ ತೆಗೆದುಕೊಳ್ಳುತ್ತಾರೆ.

ಅಧ್ಯಕ್ಷರೇ, ಕ್ಷಮಿಸಿ. ಇಗೋ, ತಟ್ಟೆಯಲ್ಲಿದ್ದ ಕೀಲಿಕೈಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಬೈಯುವವರು ಆಮೇಲೆ ಬೈಯಿರಿ. ಅತ್ತಿಗೆ ಅಂಗಡಿಗೆ ಬಂದು, ಅಲ್ಲಿರುವ ಒಂದೊಂದರ ಮೇಲೂ ಕೂತು ನೋಡಲಿ. ಅವರು ಒಪ್ಪಿದ್ದೇ ಬಹುಮಾನ. ಫೋಟೋದಲ್ಲಿ ಅದು ಚಿಕ್ಕದಾಗಿ ಕಂಡರೆ ಕಾಣಲಿ.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಮುಂದೆ ಮಾತಾಡುವವರು ಅತ್ತಿಗೆ. ಹೋಗುವ ಮೊದಲು ಈ ಮೈಕನ್ನು ಮೇಲಕ್ಕೆ ಎತ್ತಿಡುತ್ತೇನೆ. ನನ್ನ ಕೈ ಇಷ್ಟಕ್ಕೇ ಎಟಕುವುದು. ಯಾರಾದರೂ ಬಂದು ಇನ್ನೂ ಸ್ವಲ್ಪ ಎತ್ತಿ. ಇನ್ನೂ ಸ್ವಲ್ಪ.

ಬನ್ನಿ ಅತ್ತಿಗೆ. ಬಗ್ಗಬೇಡಿ. ನಮಸ್ಕಾರ.