ಮಣ್ಣು ಮಾಡಿದ ದಿನ ಕೋಶಗಳಿಗೆ ಉಣಿಸಿದವಳು

ನಮ್ಮ ಡಾಕ್ಟರನ್ನು ಹೆತ್ತ ತಾಯಿ ಲಲ್ಲಾ ಮನ್ನೂಬಿಯಾ ಅವರೇ, ಮನೆಯವರೇ, ಪ್ರಯೋಗಾಲಯದ ಗೆಳೆಯರೇ, ಎಲ್ಲರಿಗೂ ಸಲಾಮ್.

ಮೊದಲು ಈ ಸಂಶೋಧನೆಗಾದ ಖರ್ಚು ಹೇಳಿಬಿಡುತ್ತೇನೆ. ಉಗ್ರಾಣ ಕಾಯುವ ಈ ಬಶೀರನಿಗೆ ಬೇರೆ ಭಾಷಣ ಬರುವುದಿಲ್ಲ. ಹದಿನಾಲ್ಕು ತಿಂಗಳು. ಆರುನೂರ ಹನ್ನೆರಡು ಗಾಜಿನ ತಟ್ಟೆ. ಕೆಟ್ಟು ಕೂತ ಒಂದು ಫ್ರೀಜರ್. ಮತ್ತೆ — ನಮ್ಮ ಡಾಕ್ಟರ್ ರೌದಾ. ಬರೀ ಐವತ್ತೊಂದು ವರ್ಷ! ಆ ಸೋಮವಾರ ಒಂದು ಡಬ್ಬಿ ಕೈಗವಸಿಗೆ ನನ್ನೊಡನೆ ಜಗಳವಾಡಿ, ಗೆದ್ದು, ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲ ಮೇಲೆ ಕೂತರು — ಏಳಲೇ ಇಲ್ಲ. ನಲವತ್ತು ದಿನವಾಯಿತು. ನನಗಿನ್ನೂ ನಂಬಿಕೆ ಬಂದಿಲ್ಲ. ಬಂದಿಲ್ಲ.

ಅವರ ಕೆಲಸವೆಲ್ಲ ಮಿದುಳಿನ ರಕ್ತನಾಳದ್ದು. "ನಾಳ ಅಂದ್ರೆ ಕೊಳವೆ ತಾನೇ ಡಾಕ್ಟ್ರೇ?" ಎಂದಿದ್ದೆ. ನನ್ನನ್ನು ಮರ್ಯಾದೆಗೆ 'ಸೀ' ಎಂದೇ ಕರೆಯುತ್ತಿದ್ದ ಅವರು ಅಂದರು:

"ಸೀ ಬಶೀರ್, ಕೊಳವೆ ಅಲ್ಲ ಕಣ್ರೀ, ಬಾಯಿ ಸುಮ್ಮನಿರದ ನೆರೆಯವಳು! ಉರಿಯೂತ ಬಂತೋ, ನಾಳದ ಕೋಶ ಕೂಗಿಕೊಳ್ಳುತ್ತೆ. ಪಕ್ಕದಲ್ಲಿ ಮಿದುಳಿಗೆ ಆಸರೆಯಾಗಿರೋ ಕೋಶಗಳ ನಡತೆಯೇ ಬದಲಾಗಿಬಿಡುತ್ತೆ."

ಅದನ್ನು ತೋರಿಸುವ ದಾರಿ ಹೀಗೆ — ನಾಳದ ಕೋಶಗಳಿಗೆ ಉರಿಯೂತ ಬರಿಸಿ, ತೊಳೆದು, ಹೊಸ ದ್ರವದಲ್ಲಿ ಒಂದು ದಿನ ಬಿಡುವುದು. ಮರುದಿನ, ಆ ಕೂಗು ಇಳಿದಿರುವ ದ್ರವವನ್ನಷ್ಟೇ ಆಸರೆ ಕೋಶಗಳಿಗೆ ಉಣಿಸುವುದು. ಎರಡು ಸಲ ಗೆದ್ದಿತ್ತು. ಮೂರನೆಯದು, ಕೊನೆಯದು — ದ್ರವ ಸೋಮವಾರವೇ ಇಟ್ಟಾಗಿತ್ತು, ಉಣಿಸುವುದು ಮಂಗಳವಾರ.

ಮಂಗಳವಾರವೇ ಮಣ್ಣು.

ನಾವು ಗಂಡಸರು ಸ್ಮಶಾನದಲ್ಲಿದ್ದೆವು. ಅವರ ವಿದ್ಯಾರ್ಥಿನಿ ಎಮ್ನಾ, ಮನೆಯಲ್ಲಿ ಅಳುವ ಹೆಂಗಸರ ನಡುವಿನಿಂದ ಎದ್ದು ಹೋದಳು. ಎಲ್ಲಿಗೆ? ಪ್ರಯೋಗಾಲಯಕ್ಕೆ! ಮಣ್ಣು ಮುಗಿಸಿ ಅಲ್ಲಿಗೆ ಹೋಗಿ ನಾನೇ ಬೈದೆ: "ನಿಂದು ಎದೆಯಾ, ಕಲ್ಲಾ? ಇವತ್ತೂ ತಟ್ಟೆ ಹಿಡೀತೀಯಾ?"

"ಫ್ರೀಜರ್ ಕೆಟ್ಟಿದೆ, ಸೀ ಬಶೀರ್. ದ್ರವ ನಾಳೆಗೆ ಉಳಿಯಲ್ಲ. ಅವ್ರು ಇದ್ದಿದ್ರೆ ನನ್ನನ್ನ ಅಲ್ಲಿ ಕೂತು ಅಳೋಕೆ ಬಿಡ್ತಿದ್ರಾ?"

ನಾನು ಉಗ್ರಾಣದಿಂದ ಕೈಗವಸು ತಂದುಕೊಟ್ಟೆ. ಆದರೆ ಊರ ಬಾಯಿ ಕಟ್ಟಲಿಲ್ಲ. ಲಲ್ಲಾ, ಅಂದಿನಿಂದ ನೀವೂ ಅವಳನ್ನು ಹೊಸ್ತಿಲು ದಾಟಲು ಬಿಟ್ಟಿಲ್ಲ. ತಾಯಿಯ ಸಂಕಟ, ತಪ್ಪು ಎನ್ನಲು ನಾನ್ಯಾರು?

ನಿನ್ನೆ ಫಲಿತಾಂಶ ಬಂತು. ಮೂರನೆಯ ಸಲವೂ — ನಿಮ್ಮ ಮಗಳು ಹೇಳಿದ್ದೇ ಸರಿ. ಅಂದು ಬಿಟ್ಟಿದ್ದರೆ, ಡಾಕ್ಟರೇ ಇಲ್ಲದ ಕೆಲಸವನ್ನು ಮತ್ತೆ ಮೊದಲಿಂದ ಮಾಡಲು ಯಾರೂ ಬಿಡುತ್ತಿರಲಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲೋಣ, ಒಂದು ಗಳಿಗೆ ಮಾತಿಲ್ಲದೆ. ನಿಂತಲ್ಲೇ ಯೋಚಿಸಿ, ಯಾರಿಗೆ ಏನು ಸಿಕ್ಕಿತು. ಡಾಕ್ಟರಿಗೆ, ಅವರ ಉತ್ತರ. ಪ್ರಯೋಗಾಲಯಕ್ಕೆ, ಹೆಸರು. ನನಗೆ, ನಾಚಿಕೆ. ಎಮ್ನಾಗೆ ಇವತ್ತಿನವರೆಗೆ ಬರೀ ಬೈಗುಳ. ಅವಳು ಬಾಗಿಲ ಹೊರಗೆ ನಿಂತಿದ್ದಾಳೆ, ಲಲ್ಲಾ. ಕರೆಯಬೇಕಾದವರು ನೀವು.