ಮೂರನೇ ಕರೆ

ಇದು ಎಲ್ಲೋ ಕೇಳಿದ ಕತೆ ಅಲ್ಲ. ನನ್ನ ಚಿಕ್ಕಮ್ಮನ ಮಗ ಒಸ್ವಿನ್‌ಗೆ ಆದದ್ದು. ಆ ಗೋಡೆಯಾಚೆ ಮಲಗಿದ್ದಾನೆ, ಸ್ವಲ್ಪ ಮೆತ್ತಗೆ ಮಾತಾಡೋಣ.

ಅವನ ಕೆಲಸ ನಿಮಗೆ ಗೊತ್ತೇ ಇದೆ. ಜ್ವಾಲಾಮುಖಿ ಬೆಟ್ಟ ಉಗುಳಿದ ಬೂದಿಯಲ್ಲಿ ಹೂತುಹೋದ, ನಮ್ಮ ದ್ವೀಪದ ಸೇಂಟ್ ಬ್ರೆಂಡನ್ ಪೇಟೆಯನ್ನು ಹೊರಗಿನವರಿಗೆ ಸುತ್ತಿಸಿ ತೋರಿಸುವುದು. ಹುಟ್ಟಿ ಬೆಳೆದ ಬೀದಿಯನ್ನು ಟಿಕೆಟ್ ಹರಿದು ತೋರಿಸಬೇಕು, ಅದೂ ನಗುತ್ತಾ. ಬೆಟ್ಟ ಸಿಡಿದ ದಿನ ಅವನಮ್ಮ ಯೂಡೋರಾ, ನನ್ನ ಚಿಕ್ಕಮ್ಮ, ಆಡುಗಳ ಹಗ್ಗ ಬಿಚ್ಚಿ ಬರುತ್ತೇನೆ ಅಂತ ಮನೆಗೆ ಓಡಿದವಳು ಮತ್ತೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಮಣ್ಣು ಮಾಡಲು ಏನೂ ಇಲ್ಲದ ಸಾವು... ಅದನ್ನು ಸಾವು ಅಂತ ಒಪ್ಪುವುದೇ ಕಷ್ಟ. ಆ ಮನೆಯ ಮಹಡಿ ಕಿಟಕಿ ಈಗ ನೆಲದ ಮಟ್ಟಕ್ಕಿದೆ. ಒಸ್ವಿನ್ ಯಾರನ್ನೂ ಆ ಬೀದಿಗೆ ಮಾತ್ರ ಕರೆದೊಯ್ಯುತ್ತಿರಲಿಲ್ಲ.

ಅವತ್ತು ಬಂದಿದ್ದವಳು ಒಬ್ಬಳೇ. ಬ್ರಿಜಿಟ್ ಅಂತ, ಕೆನಡಾದವಳು, ನಿವೃತ್ತ ನರ್ಸ್. ಒಳ್ಳೆಯ ಹೆಂಗಸು, ಆದರೆ ಬಾಯಿ ಸುಮ್ಮನಿರದು. ದಾರಿಯಲ್ಲಿ ಕಂಡ ಕತ್ತೆಗಳ ಯೋಗಕ್ಷೇಮವನ್ನೂ ವಿಚಾರಿಸಿದಳಂತೆ. ವಾಪಸು ಬರುವಾಗ ವ್ಯಾನಿನ ಚಕ್ರ ಬೂದಿಯಲ್ಲಿ ಹೂತುಕೊಂಡಿತು. ತಳ್ಳಿದರು, ಅಗೆದರು, ಏಳಲಿಲ್ಲ. ಹೊತ್ತು ಮುಳುಗಿತು. ಕತ್ತಲಾದ ಮೇಲೆ ಯಾರೂ ಇರಬಾರದ ಜಾಗ ಅದು, ಅದರ ಅಂಚಿನ ಪೊಲೀಸ್ ಗೇಟಿನ ತನಕ ನಡೆದೇ ಹೋಗಬೇಕು. ಇದ್ದದ್ದು ಒಂದೇ ದಾರಿ... ದೊಡ್ಡ ಬೂರುಗದ ಮರದ ಪಕ್ಕ, ಅದೇ ಬೀದಿ.

ಬೂಟಿನಡಿ ಬೂದಿ ಕರಕರ ಅನ್ನುತ್ತಿತ್ತು. ಮೇಲೆ ಬೆಟ್ಟದಿಂದ ಹಬೆ... ಸ್ಸ್ಸ್... ಆಗೊಮ್ಮೆ ಈಗೊಮ್ಮೆ ಕಲ್ಲು ಉರುಳುವ ಸದ್ದು. ಗಡಗಡ. ಆಮೇಲೆ ಏನೂ ಇಲ್ಲ.

"ಓಸೀ..."

ಕಿಟಕಿಯ ಒಳಗಿನಿಂದ. ಅವನನ್ನು ಹಾಗೆ ಕರೆಯುತ್ತಿದ್ದವಳು ಪ್ರಪಂಚದಲ್ಲಿ ಒಬ್ಬಳೇ.

ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮುಸ್ಸಂಜೆಯಲ್ಲಿ ಹೆಸರು ಹಿಡಿದು ಕರೆದರೆ ಓಗೊಡಬಾರದು, ಓಗೊಟ್ಟವರ ಬೆನ್ನ ಹಿಂದೆಯೇ ಬಂದುಬಿಡುತ್ತಾರೆ. ಸತ್ತವರಿಗೆ ಎರಡು ಸಲ ಕರೆಯುವಷ್ಟೇ ಉಸಿರು. ಮೂರನೇ ಕರೆ ಬಂದರೆ ಮಾತ್ರ ಕರೆದವರು ಬದುಕಿದ್ದಾರೆ ಅಂತ ಅರ್ಥ.

ಒಸ್ವಿನ್ ನಿಂತುಬಿಟ್ಟ. ಬ್ರಿಜಿಟ್‌ಳ ಮೊಣಕೈ ಹಿಡಿದುಕೊಂಡ.

"ಯಾರೋ ಕರೀತಿದ್ದಾರೆ," ಅಂದಳು ಅವಳು.

"ಗೊತ್ತು. ಉಸಿರೆತ್ತಬೇಡಿ."

"ಓಸೀ..."

ಎರಡನೆಯದು. ಊಟಕ್ಕೆ ಕರೆಯುವಾಗಿನ ದನಿ, ಸ್ವಲ್ಪ ಸಿಡಿಮಿಡಿ, ಹಾಗೇ ಇತ್ತು. ಇನ್ನೊಂದು ಸಲ ಕರೆ ಅಮ್ಮಾ, ಒಂದೇ ಸಲ ಅಂತ ಅವನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಕರೆದಿದ್ದರೆ ಆ ಕಿಟಕಿಯೊಳಗೆ ಹಾರುತ್ತಿದ್ದ, ಸುಳ್ಳಲ್ಲ.

ಬ್ರಿಜಿಟ್‌ಗೆ ತಡೆಯಲಾಗಲಿಲ್ಲ. ಜೀವನವೆಲ್ಲ ಆಸ್ಪತ್ರೆಯ ಮಂಚಗಳಿಂದ ಕರೆದವರಿಗೆ ಓಗೊಟ್ಟವಳು ಅವಳು. ಕೈ ಬಿಡಿಸಿಕೊಂಡು ಕೂಗಿಯೇಬಿಟ್ಟಳು. "ಇಲ್ಲೇ ಇದೀವಮ್ಮ. ಬನ್ನಿ, ನಮ್ಮ ಜೊತೆ ಬಂದುಬಿಡಿ."

ಹಬೆಯ ಸದ್ದೂ ನಿಂತಿತು.

ಒಸ್ವಿನ್ ಕಾದ. ಮೂರನೇ ಕರೆ ಬರಲಿಲ್ಲ. ಬರುವುದಿತ್ತೋ, ಇರಲಿಲ್ಲವೋ... ಅದಂತೂ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

"ಯಾಕೆ ಓಗೊಟ್ರಿ?" ಅಂದ.

"ಪಾಪ, ವಯಸ್ಸಾದ ಜೀವ. ನೀವು ಕಲ್ಲಿನ ಹಾಗೆ ನಿಂತಿದ್ರಲ್ಲ," ಅಂತ ಅವಳು ಅವನನ್ನೇ ಬೈದಳು.

ಗೇಟಿನಲ್ಲಿ ಪೊಲೀಸರು ಇಬ್ಬರಿಗೂ ಮಂಗಳಾರತಿ ಎತ್ತಿ ಜೀಪು ಹತ್ತಿಸಿದರು. ಜೀಪಿನಲ್ಲಿ ಬ್ರಿಜಿಟ್ ಪಕ್ಕದ ಸೀಟಿನ ಮೇಲಿದ್ದ ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಯಾಕೆ ಅಂತ ಅವಳಿಗೂ ಗೊತ್ತಿರಲಿಕ್ಕಿಲ್ಲ. ಒಸ್ವಿನ್ ನೋಡಿದ.

ಅವಳು ಇಳಿದುಕೊಂಡಿದ್ದ ಮನೆಯ ಮುಂದೆ ಅವನು ಕೈ ಮುಗಿದೇಬಿಟ್ಟ. "ಮೇಡಂ, ಒಂದು ಮಾತು ನಡೆಸಿಕೊಡಿ. ಬಾಗಿಲಿಗೆ ಬೆನ್ನು ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಒಳಗೆ ಹೋಗಿ. ಬೆನ್ನ ಹಿಂದೆ ಬಂದದ್ದು ಹೊರಗೇ ಉಳಿಯುತ್ತೆ."

ಇದೂ ಟಿಕೆಟ್ಟಿನಲ್ಲೇ ಸೇರಿದ್ದು ಅಂದುಕೊಂಡಳೋ ಏನೋ, ನಕ್ಕಳು. ನೆಟ್ಟಗೆ ಒಳಗೆ ಹೋದಳು. ಹೋದವಳು ಬಾಗಿಲು ಹಾಕಲಿಲ್ಲ... ಹಿಂದೆ ಯಾರೋ ನಿಧಾನವಾಗಿ ಬರುತ್ತಿದ್ದಾರೆ ಅನ್ನುವ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡಳು. ಆಮೇಲೆ ಮುಚ್ಚಿದಳು. ಚಿಲಕ ಟಕ್ ಅಂತು.

ಒಸ್ವಿನ್ ಬೀದಿಯಲ್ಲೇ ನಿಂತಿದ್ದ. ಏನು ಮಾಡಬೇಕಿತ್ತು ಹೇಳಿ? ಬಾಗಿಲು ಬಡಿದು, ನಮ್ಮಮ್ಮನನ್ನು ಕೊಡಿ ಅನ್ನಬೇಕಿತ್ತೇ? ಮನೆಗೆ ಬಂದವನು ಅಳುತ್ತಾ ಹಿಮ್ಮುಖವಾಗಿಯೇ ಒಳಗೆ ಬಂದ. ಅಭ್ಯಾಸ ನೋಡಿ, ಅವನ ಹಿಂದೆ ಬರುವವರು ಯಾರೂ ಉಳಿದಿರಲಿಲ್ಲ.

ಮಾರನೇ ದಿನ ಅವಳು ಹಡಗು ಹತ್ತಿದಳು. ಆಮೇಲೆ ಒಸ್ವಿನ್ ಎಷ್ಟೋ ಸಂಜೆ ಆ ಕಿಟಕಿಯ ಹತ್ತಿರ ಹೋಗಿ ಕೂತ. ಅಮ್ಮಾ ಅಂತ ಗಂಟಲು ಹರಿಯುವಂತೆ ಕೂಗಿದ. ಒಳಗೆ ಬೂದಿ ಜಾರುವ ಸದ್ದು ಬಿಟ್ಟರೆ ಏನಿಲ್ಲ. ಮನೆ ಖಾಲಿ ಅಂತ ಅವನಿಗೆ ಗೊತ್ತಾಯಿತು.

ಚಳಿಗಾಲದಲ್ಲಿ ಒಂದು ದಿನ ಫೋನ್ ಬಂತು. ನಾನೂ ಅಲ್ಲೇ ಕೂತಿದ್ದೆ, ಸ್ಪೀಕರ್ ಹಾಕಿದ್ದ. ಬ್ರಿಜಿಟ್. ದನಿ ತಗ್ಗಿಸಿಕೊಂಡಿದ್ದಳು.

"ಒಸ್ವಿನ್, ತಪ್ಪು ತಿಳೀಬೇಡಿ. ಅವರು ಚಹಾಕ್ಕೆ ಏನು ಹಾಕ್ಕೊಂಡು ಕುಡೀತಿದ್ರು? ನಾನು ಮಾಡಿಟ್ಟದ್ದು ಹಾಗೇ ಆರಿಹೋಗ್ತಿದೆ."

ಯಾರು ಅಂತ ಅವನು ಕೇಳಲಿಲ್ಲ. "ಜಾಯಿಕಾಯಿ," ಅಂದ. "ಸ್ವಲ್ಪ ತುರಿದು ಹಾಕಿ."

ಆ ಕಡೆ ತುರಿಯುವ ಸದ್ದು. ಚಮಚದ ಟಿಣ್ ಟಿಣ್. ಇವನು ಫೋನಿಗೆ ಬಾಯಿ ಹಚ್ಚಿ ಅಮ್ಮಾ ಅಂದ. ಮತ್ತೆ ಅಮ್ಮಾ ಅಂದ. ಮೂರನೇ ಸಲವೂ ಅಂದ... ಅಮ್ಮ ಓಗೊಡಲಿಲ್ಲ.

ಬ್ರಿಜಿಟ್ ಅವನಿಗೆ ಸಮಾಧಾನ ಹೇಳತೊಡಗಿದಳು. ಇಲ್ಲಿ ತುಂಬ ಹಿಮ ಬೀಳ್ತಿದೆ, ಅವರಿಗೆ ಶಾಲು ಹೊದಿಸಿದ್ದೀನಿ, ಯೋಚನೆ ಮಾಡಬೇಡಿ ಅಂತ ಏನೇನೋ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನ್ನ ಎರಡು ಕಿವಿಯಿಂದ ಕೇಳಿದ್ದು. ಅವಳು ಇನ್ನೂ ಮಾತಾಡುತ್ತಲೇ ಇದ್ದಳು, ಬಾಯಿ ಮುಚ್ಚಿರಲೇ ಇಲ್ಲ. ಆಗಲೇ ಆ ಕಡೆಯಿಂದ ಯಾರೋ ಚಹಾ ಸೊರ್ ಅಂತ ಹೀರಿದರು.